ತುಂಬಿಸಿದ್ದೀರಿ, ಬದಲಾಯಿಸಿಲ್ಲ

ಪ್ರಶ್ನೆ: ಕುಶಾಲನಗರದಲ್ಲಿದ್ದೇವೆ. 100 ಲೀಟರಿನ ಅಕ್ವೇರಿಯಂ ಇಟ್ಟು ಎರಡು ವರ್ಷವಾಯಿತು. ವಾರಕ್ಕೆ ಎರಡು ಬೆರಳಿನಷ್ಟು ನೀರು ಇಳಿಯುತ್ತದೆ, ಬೋರ್‌ವೆಲ್ ನೀರು ಹಾಕಿ ತುಂಬಿಸುತ್ತೇವೆ. ಹಳೆಯ ಮೀನುಗಳು ಚೆನ್ನಾಗಿವೆ, ಹೊಸದಾಗಿ ತಂದವು ಮಾತ್ರ ಎರಡೇ ದಿನಕ್ಕೆ ಸಾಯುತ್ತವೆ. ಅಂಗಡಿಯವರು ನೀಲಿ ಔಷಧಿ ಕೊಟ್ಟು, ಪ್ರತಿ ಸಲ ಉಪ್ಪನ್ನೂ ಹಾಕಿ ಎಂದಿದ್ದಾರೆ.

ಉತ್ತರ: ಬೇಸಿಗೆ ಬಂತೆಂದರೆ ಈ ಪತ್ರ ಬರುತ್ತದೆ. ಊರು ಬೇರೆಯಾಗುತ್ತದೆ, ನೀಲಿ ಬಾಟಲಿ ಅದೇ. ನೀವು ಬರೆದಿರುವುದರಲ್ಲಿ ರೋಗದ ಲಕ್ಷಣ ಒಂದೂ ಇಲ್ಲ. ಆ ಬಾಟಲಿಯನ್ನು ಮುಚ್ಚಿಡಿ.

ಆವಿಯಾಗಿ ಹೋಗುವುದು ನೀರು ಮಾತ್ರ. ಸುಣ್ಣದಂಶ, ಲವಣ, ಮೀನಿನ ಹೊಲಸಿನಿಂದಾದ ನೈಟ್ರೇಟ್ ಎಲ್ಲ ಟ್ಯಾಂಕಿನಲ್ಲೇ ಉಳಿಯುತ್ತವೆ. ಲೀಟರಿಗೆ 400 ಮಿಲಿಗ್ರಾಂ ಲವಣವಿರುವ ನೀರನ್ನು ವಾರಕ್ಕೆ 10 ಲೀಟರಿನಂತೆ ಸುರಿಯುತ್ತಾ ಹೋಗಿ: ಹತ್ತು ವಾರದಲ್ಲಿ 40 ಗ್ರಾಂ ಸೇರುತ್ತದೆ. ಗಾಜಿನಂಚಿಗೆ ಬಿಳಿ ಗೆರೆಯಾಗಿ ಅಂಟಿದ್ದನ್ನು ಬಿಟ್ಟರೆ, ಲವಣ ಹೆಚ್ಚುಕಡಿಮೆ ಇಮ್ಮಡಿ. ನೀವು ಮಾಡಿದ್ದು ಎರಡು ವರ್ಷ! ಹಳೆಯ ಮೀನುಗಳು ದಿನದಿನಕ್ಕೆ ಅದಕ್ಕೆ ಒಗ್ಗಿಕೊಂಡಿವೆ. ಅಂಗಡಿಯ ತೆಳು ನೀರಿನಿಂದ ಬಂದವಕ್ಕೆ ಆ ಅವಕಾಶ ಎಲ್ಲಿ? ಇದರ ಮೇಲೆ ಉಪ್ಪು ಬೇರೆ. ಉಪ್ಪೂ ಆವಿಯಾಗುವುದಿಲ್ಲ ಎಂದು ಆ ಮಹಾಶಯರಿಗೆ ಯಾರಾದರೂ ಹೇಳಿ.

ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಒಂದು ಟಿಡಿಎಸ್ ಮೀಟರ್ ಕೊಂಡು ಬೋರ್‌ವೆಲ್ ನೀರು, ಟ್ಯಾಂಕಿನ ನೀರು ಎರಡನ್ನೂ ಅಳೆಯಿರಿ. ಅಂತರ ಕಂಡು ಗಾಬರಿಯಾಗಿ ಟ್ಯಾಂಕನ್ನೇ ಬರಿದು ಮಾಡಬೇಡಿ, ಆಗ ಹಳೆಯವೂ ಸಾಯುತ್ತವೆ. ಎರಡು ಮೂರು ದಿನಕ್ಕೊಮ್ಮೆ 10 ಲೀಟರ್ ತೆಗೆದು, ಟ್ಯಾಂಕಿನ ನೀರಿನಷ್ಟೇ ಬಿಸಿಯ ಹೊಸ ನೀರು ಹಾಕಿ. ಎರಡೂ ಅಂಕಿ ಹತ್ತಿರ ಬರುವ ತನಕ ಹೊಸ ಮೀನು ತರಬೇಡಿ. ಆಮೇಲೆ ವಾರಕ್ಕೊಮ್ಮೆ ಸುಮಾರು 20 ಲೀಟರ್ ಬದಲಾಯಿಸಿ, ಅದಕ್ಕೆ ಬೋರ್‌ವೆಲ್ ನೀರೇ ಸಾಕು. ಆವಿಯಾದಷ್ಟನ್ನು ತುಂಬಿಸಲು ಮಾತ್ರ ಲವಣ ಸೋಸಿ ತೆಗೆದ ಆರ್‌ಓ ನೀರು ಅಥವಾ ಮಳೆನೀರು. ಮೇಲೊಂದು ಗಾಜಿನ ಮುಚ್ಚಳ, ಗಾಳಿಯಾಡಲು ಬೆರಳಷ್ಟು ಸಂದು ಇರಲಿ. ಆವಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ.

ಮಳೆನೀರೆಂದಾಗ ಕೊಡಗಿನವರಿಗೆ ಒಂದು ಎಚ್ಚರಿಕೆ. ತೋಟದಲ್ಲಿ ಕಾಫಿಗೆ, ಕರಿಮೆಣಸಿಗೆ ಬೋರ್ಡೋ ಎಂಬ ಶಿಲೀಂಧ್ರನಾಶಕ ಹೊಡೆಯುತ್ತಾರೆ. ಅದರಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. ಸಿಂಪಡಣೆಯ ತುಂತುರು ಗಾಳಿಯಲ್ಲಿ ಬಂದು ಮಾಡಿನ ಮೇಲೆ ಕೂರುತ್ತದೆ. ಸಿಗಡಿ, ಬಸವನಹುಳುಗಳಿಗೆ ಅದರ ಚೂರು ಸೋಕಿದರೂ ಸಾಕು. ಮೊದಲ ಮಳೆಗಳ ನೀರು ಬಿಟ್ಟು ಹಿಡಿಯಿರಿ ಎನ್ನುವವರಿದ್ದಾರೆ. ನಾನಂತೂ ತೋಟದ ಪಕ್ಕದ ಸೂರಿನ ನೀರನ್ನು ನನ್ನ ಸಿಗಡಿಗಳಿಗೆ ಯಾವ ತಿಂಗಳಲ್ಲೂ ಕೊಡುವುದಿಲ್ಲ; ಅತಿಯಾಯಿತು ಎನ್ನುವವರು ಎನ್ನಲಿ. ತಾಮ್ರದ ಹಂಡೆಯಲ್ಲಿಟ್ಟ ನೀರೂ ಬೇಡ. ಅದು ನಿಮಗೆ ಒಳ್ಳೆಯದೋ ಏನೋ, ಸಿಗಡಿಗಲ್ಲ.

ಪ್ರಶ್ನೆ: ಮಡಿಕೇರಿಯ ಚಳಿಗೆ ಹೀಟರ್ ಹಾಕಿದ ಮೇಲೆ ನೀರು ಇನ್ನೂ ಬೇಗ ಇಳಿಯುತ್ತಿದೆ. ಹೀಟರ್ ಕೆಟ್ಟಿದೆಯೇ?

ಉತ್ತರ: ಇಲ್ಲ. ಬೆಚ್ಚನೆಯ ನೀರು, ಥಂಡಿ ಒಣಗಾಳಿ, ಇನ್ನೇನಾಗಬೇಕು? ಮುಚ್ಚಳ ಹಾಕಿ. ಹೀಟರ್ ನೀರಿನಿಂದ ಮೇಲೆ ಬಂದಿದ್ದರೆ ಸ್ವಿಚ್ ಆರಿಸಿ, ಅದು ತಣಿದ ಮೇಲೆ ನೀರು ಹಾಕಿ. ಕಾದ ಗಾಜು ಸೀಳುತ್ತದೆ.

ಪ್ರಶ್ನೆ: ಟ್ಯಾಂಕಿನ ನೀರು ಇಳಿದರೆ ಮನೆಯ ದುಡ್ಡು ಕರಗುತ್ತದಂತೆ, ಹೌದೇ?

ಉತ್ತರ: ಹೇಳಿದವರಿಗೆ ಎಷ್ಟು ಕೊಟ್ಟಿರಿ?

ಪ್ರಶ್ನೆ: ಆವಿಯಾಗದಿರಲಿ ಎಂದು ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟಿದ್ದೇವೆ.

ಉತ್ತರ: ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿರಬೇಕು. ಎಣ್ಣೆಯ ಪದರ ಇದ್ದರೆ ಗಾಳಿ ನೀರಿಗೆ ಸರಿಯಾಗಿ ಸೇರುವುದಿಲ್ಲ. ಈಗಲೇ ಟಿಶ್ಯೂ ಕಾಗದವನ್ನು ನೀರಿನ ಮೇಲೆ ಹಾಸಿ ಮೆಲ್ಲಗೆ ಎತ್ತಿ, ಜಿಡ್ಡು ಹೋಗುವವರೆಗೆ ಹಾಗೇ ಮಾಡಿ. ಏರ್ ಪಂಪ್ ರಾತ್ರಿಯೂ ಓಡಲಿ.