ಜನವರಿಯಲ್ಲಿ ಬರುವ ಕವರ್‌ಗಳು, ಏಪ್ರಿಲ್‌ನಲ್ಲಿ ಕೊಡುವ ಲೆಕ್ಕ

ಅಮೆರಿಕದಲ್ಲಿರುವ ಕನ್ನಡಿಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಫೆಡರಲ್ ಟ್ಯಾಕ್ಸ್ ಫಾರ್ಮುಗಳದ್ದೇ. ಒಂದೇ ಬಗೆಯವನ್ನು ಸೇರಿಸಿ ಆರಕ್ಕೆ ಇಳಿಸಿದ್ದೇನೆ. ಅಂಕಿಗಳು 2025ರ ಆದಾಯಕ್ಕೆ, ಅಂದರೆ 2026ರ ಏಪ್ರಿಲ್ 15ರೊಳಗೆ ಕೊಡಬೇಕಾದ ಲೆಕ್ಕಕ್ಕೆ. ರಾಜ್ಯದ ತೆರಿಗೆ ಬೇರೆಯೇ ಕಥೆ, ಅದನ್ನು ಇಲ್ಲಿ ಮುಟ್ಟಿಲ್ಲ.

ಪ್ರಶ್ನೆ: ಎಚ್-1ಬಿ ಮೇಲೆ ಬಂದು ಇದು ನನ್ನ ಮೊದಲ ಪೂರ್ತಿ ವರ್ಷ. ಬೆಂಗಳೂರಲ್ಲಿದ್ದಾಗ ಕಂಪನಿ ಫಾರ್ಮ್ 16 ಕೊಡುತ್ತಿತ್ತು, ಅಷ್ಟೇ. ಇಲ್ಲಿ ಮೇಜಿನ ಮೇಲೆ ಆಗಲೇ ಐದು ಕಾಗದ. ಯಾವುದು ಏನು? (ಡಲ್ಲಾಸ್)

ಉತ್ತರ: ಫಾರ್ಮ್ 16ರ ಜಾಗದಲ್ಲಿ ಇಲ್ಲಿರುವುದು ಡಬ್ಲ್ಯು-2. ಕಂಪನಿ ಅದನ್ನು ಜನವರಿ ಕೊನೆಯೊಳಗೆ ಕೊಡಬೇಕು. ನಾನು ಈ ದೇಶಕ್ಕೆ ಬಂದ ಮೊದಲ ವರ್ಷ ಆ ಕವರನ್ನು ಕ್ರೆಡಿಟ್ ಕಾರ್ಡ್ ಜಾಹೀರಾತು ಅಂದುಕೊಂಡು ಎಸೆದು, ರಾತ್ರಿ ಕಸದ ಬುಟ್ಟಿ ಕೆದಕಿದ್ದೆ. ಈಗ ಹೆಚ್ಚಿನ ಕಂಪನಿಗಳು ಪೇರೋಲ್ ಸೈಟಿನಲ್ಲೇ ಹಾಕಿಬಿಡುತ್ತವೆ, ಆ ತಾಪತ್ರಯ ಇಲ್ಲ.

ಡಬ್ಲ್ಯು-2ನಲ್ಲಿ 20 ಬಾಕ್ಸ್ ಇವೆ, ನೀವು ನೋಡಬೇಕಾದ್ದು ನಾಲ್ಕೈದು. ನಿಮ್ಮ ಸಂಬಳ 1,20,000 ಡಾಲರ್, ಅದರಲ್ಲಿ ಸಾಮಾನ್ಯ 401(ಕೆ)ಗೆ, ಅಂದರೆ ಕಂಪನಿ ಮೂಲಕ ಕಟ್ಟುವ ನಿವೃತ್ತಿ ಉಳಿತಾಯಕ್ಕೆ, 12,000 ಹಾಕಿದ್ದೀರಿ, ಬೇರೆ ಕಡಿತ ಇಲ್ಲ ಅಂತಿಟ್ಟುಕೊಳ್ಳಿ. ಬಾಕ್ಸ್ 1ರಲ್ಲಿ 1,08,000 ಇರುತ್ತದೆ, ಬಾಕ್ಸ್ 3 ಮತ್ತು 5ರಲ್ಲಿ 1,20,000. ‘ಸಂಬಳ ತಪ್ಪು ಹಾಕಿದ್ದಾರೆ’ ಅಂತ ಎಚ್‌ಆರ್‌ಗೆ ಬರೆಯಲು ಹೊರಡಬೇಡಿ, ಎರಡೂ ಸರಿ. 401(ಕೆ)ಗೆ ಹೋದ ದುಡ್ಡಿಗೆ ಈಗ ಇನ್‌ಕಮ್ ಟ್ಯಾಕ್ಸ್ ಇಲ್ಲ. ಆದರೆ ಸೋಷಿಯಲ್ ಸೆಕ್ಯುರಿಟಿಯ (ಸರ್ಕಾರಿ ಪಿಂಚಣಿ) ಶೇ 6.2 ಮತ್ತು ಮೆಡಿಕೇರ್‌ನ (ಹಿರಿಯರ ಆರೋಗ್ಯ ವಿಮೆ) ಶೇ 1.45 ಪೂರ್ತಿ ಸಂಬಳದ ಮೇಲೇ ಹಿಡಿಯುತ್ತಾರೆ. ಹಾಗಾಗಿ ಬಾಕ್ಸ್ 4ರಲ್ಲಿ 7,440, ಬಾಕ್ಸ್ 6ರಲ್ಲಿ 1,740. ವ್ಯತ್ಯಾಸದ ಆ 12,000 ಎಲ್ಲಿ ಹೋಯಿತು ಅಂದರೆ, ಬಾಕ್ಸ್ 12ರಲ್ಲಿ ‘ಡಿ’ ಅಕ್ಷರದ ಪಕ್ಕ ಕೂತಿರುತ್ತದೆ. ಬಾಕ್ಸ್ 2ರಲ್ಲಿರುವುದು ವರ್ಷವಿಡೀ ನಿಮ್ಮಿಂದ ಹಿಡಿದ ಇನ್‌ಕಮ್ ಟ್ಯಾಕ್ಸ್, ನಮ್ಮ ಟಿಡಿಎಸ್ ಇದ್ದ ಹಾಗೆ.

ಸಂಬಳ ಬಿಟ್ಟು ಬೇರೆ ಆದಾಯ ಬಂದರೆ ಅದಕ್ಕೆ 1099 ಕುಟುಂಬ. ಬ್ಯಾಂಕ್ ಬಡ್ಡಿಗೆ 1099-ಐಎನ್‌ಟಿ, ಡಿವಿಡೆಂಡಿಗೆ 1099-ಡಿಐವಿ, ಷೇರು ಮಾರಿದರೆ 1099-ಬಿ. ಬಡ್ಡಿ 10 ಡಾಲರ್ ಮುಟ್ಟದಿದ್ದರೆ ಬ್ಯಾಂಕ್ ಕಾಗದ ಕಳಿಸಲೇಬೇಕೆಂದಿಲ್ಲ. ಕಾಗದ ಬರಲಿಲ್ಲ ಅಂತ ಆದಾಯ ಮಾಯ ಆಗಲ್ಲ, 8 ಡಾಲರ್ ಬಡ್ಡಿಯನ್ನೂ ಬರೆಯಬೇಕು. ಬ್ರೋಕರ್‌ಗಳ 1099-ಬಿ ಬರುವುದು ಫೆಬ್ರವರಿ ಮಧ್ಯಕ್ಕೆ. ಮಾರ್ಚ್‌ನಲ್ಲಿ ‘ತಿದ್ದಿದ ಪ್ರತಿ’ ಅಂತ ಇನ್ನೊಂದು ಬರುವುದೂ ಉಂಟು. ಷೇರು ವ್ಯವಹಾರ ಇರುವವರು ಫೆಬ್ರವರಿ ಮೊದಲ ವಾರವೇ ಫೈಲ್ ಮಾಡಿ ಮುಗಿಸುವ ಅವಸರ ಬೇಡ. ಮನೆ ಸಾಲದ ಬಡ್ಡಿಗೆ 1098 ಬರುತ್ತದೆ. ಆದರೆ ಗಂಡ ಹೆಂಡತಿ ಸೇರಿ ಫೈಲ್ ಮಾಡಿದರೆ 31,500 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ನೇರವಾಗಿ ಕಳೆಯುವ ಮೊತ್ತ) ಹೇಗೂ ಸಿಗುತ್ತದೆ. ಬಡ್ಡಿ, ಪ್ರಾಪರ್ಟಿ ಟ್ಯಾಕ್ಸ್, ದಾನ ಎಲ್ಲ ಸೇರಿ ಅದನ್ನು ದಾಟಿದರೆ ಮಾತ್ರ ಶೆಡ್ಯೂಲ್ ಎ (ಆ ಖರ್ಚುಗಳನ್ನು ಒಂದೊಂದಾಗಿ ತೋರಿಸುವ ಫಾರ್ಮ್) ತುಂಬಿ ಲಾಭ.

ಇವೆಲ್ಲದರ ಒಂದು ಪ್ರತಿ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೂ ಹೋಗಿರುತ್ತದೆ. ನೀವು ಕೊಡುವ ವರ್ಷದ ಲೆಕ್ಕವಾದ ಫಾರ್ಮ್ 1040ನ್ನು ಅವರ ಕಂಪ್ಯೂಟರ್ ಆ ಪ್ರತಿಗಳ ಜೊತೆ ತಾಳೆ ನೋಡುತ್ತದೆ. ತಾಳೆ ಆಗದಿದ್ದರೆ ಒಂದು ವರ್ಷ ಬಿಟ್ಟಾದರೂ ಸಿಪಿ2000 ಅನ್ನುವ ನೋಟಿಸ್ ಮನೆಗೆ ಬರುತ್ತದೆ. ನನ್ನ ಹತ್ತಿರ ಆ ನೋಟಿಸ್ ಹಿಡಿದು ಬರುವವರಲ್ಲಿ ಕಳ್ಳ ಲೆಕ್ಕದವರು ಕಡಿಮೆ. ಒಂದು 1099 ಮರೆತವರೇ ಜಾಸ್ತಿ.

ಪ್ರಶ್ನೆ: ಕಂಪನಿ ಕೊಟ್ಟ ಆರ್‌ಎಸ್‌ಯು ಷೇರು ಮಾರಿದೆ. ಅದು ಡಬ್ಲ್ಯು-2ನಲ್ಲಿ ಸೇರಿದೆ ಅಂತಾರೆ, 1099-ಬಿಯಲ್ಲೂ ಬಂದಿದೆ. ಎರಡು ಸಲ ಟ್ಯಾಕ್ಸಾ? (ಸಿಯಾಟಲ್)

ಉತ್ತರ: ನೀವು ಸುಮ್ನೆ ಬಿಟ್ಟರೆ ಹೌದು, ಎರಡು ಸಲ. ನಾನು ನೋಡಿದ ದುಬಾರಿ ತಪ್ಪುಗಳಲ್ಲಿ ಇದಕ್ಕೇ ಮೊದಲ ಜಾಗ.

ನಿಮಗೆ 100 ಷೇರು ವೆಸ್ಟ್ ಆದ, ಅಂದರೆ ಪೂರ್ತಿ ನಿಮ್ಮದಾದ, ದಿನ ಬೆಲೆ 50 ಡಾಲರ್ ಅನ್ನಿ. ಆ 5,000 ಡಾಲರ್ ಸಂಬಳದ ಲೆಕ್ಕಕ್ಕೇ ಸೇರಿ ಡಬ್ಲ್ಯು-2ರ ಬಾಕ್ಸ್ 1ಕ್ಕೆ ಬಂತು, ಟ್ಯಾಕ್ಸೂ ಹಿಡಿದರು. ಎರಡು ತಿಂಗಳಾದ ಮೇಲೆ 52ಕ್ಕೆ ಮಾರಿದಿರಿ, ಕೈಗೆ 5,200. ನಿಮ್ಮ ನಿಜವಾದ ಲಾಭ 200 ಡಾಲರ್ ಮಾತ್ರ. ಆದರೆ 1099-ಬಿಯಲ್ಲಿ ಕಾಸ್ಟ್ ಬೇಸಿಸ್, ಅಂದರೆ ಅಸಲು, ಎಷ್ಟೋ ಸಲ ಸೊನ್ನೆ ಅಂತಲೋ ಖಾಲಿಯೋ ಇರುತ್ತದೆ. ಸಾಫ್ಟ್‌ವೇರ್ ಅದನ್ನು ಹಾಗೇ ಎಳೆದುಕೊಂಡು ಲಾಭ 5,200 ಅಂತ ತೋರಿಸುತ್ತದೆ. ನೀವು ಶೇ 24ರ ಮಟ್ಟದಲ್ಲಿದ್ದರೆ 1,200 ಡಾಲರ್ ದಂಡವಿಲ್ಲದ ದಂಡ.

ಮಾಡಬೇಕಾದ್ದು ಇಷ್ಟು: ಬ್ರೋಕರ್ ಸೈಟಿನಲ್ಲಿ 1099 ಜೊತೆಗೆ ‘ಸಪ್ಲಿಮೆಂಟಲ್’ ಅನ್ನುವ ಇನ್ನೊಂದು ಕಾಗದ ಇರುತ್ತದೆ. ವೆಸ್ಟ್ ಆದ ದಿನದ ಬೆಲೆ ಅಲ್ಲಿ ಸಿಗುತ್ತದೆ. ಫಾರ್ಮ್ 8949ರಲ್ಲಿ ಅಸಲನ್ನು ಅದರ ಪ್ರಕಾರ ಸರಿಮಾಡಿ. ಅಲ್ಲಿಂದ ಮೊತ್ತ ಶೆಡ್ಯೂಲ್ ಡಿಗೆ ಹೋಗುತ್ತದೆ, ಅಲ್ಲಿಂದ 1040ಕ್ಕೆ. ಹಳೇ ವರ್ಷಗಳಲ್ಲಿ ಹೀಗೆ ಜಾಸ್ತಿ ಕಟ್ಟಿದ್ದರೆ 1040-ಎಕ್ಸ್ ಅನ್ನುವ ತಿದ್ದುಪಡಿ ಫಾರ್ಮ್ ಹಾಕಿ ವಾಪಸ್ ಕೇಳಬಹುದು, ಸಾಮಾನ್ಯವಾಗಿ ಫೈಲ್ ಮಾಡಿದ 3 ವರ್ಷದೊಳಗೆ.

ಇನ್ನೊಂದು ಮಾತು. ಆರ್‌ಎಸ್‌ಯು ಮೇಲೆ ಕಂಪನಿಗಳು ಸಾಮಾನ್ಯವಾಗಿ ಹಿಡಿಯುವುದು ಶೇ 22. ನಿಮ್ಮ ದರ 32 ಇದ್ದರೆ ಉಳಿದ 10ನ್ನು ಏಪ್ರಿಲ್‌ನಲ್ಲಿ ನೀವೇ ಕಟ್ಟಬೇಕು. ಕೊನೆಗೆ ಬೆವರುವುದಕ್ಕಿಂತ ಈಗಲೇ ಡಬ್ಲ್ಯು-4ರಲ್ಲಿ (ಎಷ್ಟು ಟ್ಯಾಕ್ಸ್ ಹಿಡಿಯಬೇಕೆಂದು ಕಂಪನಿಗೆ ತಿಳಿಸುವ ಫಾರ್ಮ್), 4(ಸಿ) ಸಾಲಿನಲ್ಲಿ, ಪ್ರತಿ ಸಂಬಳಕ್ಕೂ ಇಷ್ಟು ಜಾಸ್ತಿ ಹಿಡಿಯಿರಿ ಅಂತ ಬರೆದುಕೊಡಿ.

ಪ್ರಶ್ನೆ: ಎಚ್-4 ಇಎಡಿ (ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗಬಹುದಾದ ಕೆಲಸದ ಪರವಾನಗಿ) ಮೇಲೆ ಕೆಲಸಕ್ಕೆ ಸೇರಿದೆ. ಡಬ್ಲ್ಯು-4ರಲ್ಲಿ ‘ಅಲೋವನ್ಸ್ 2 ಹಾಕು’ ಅಂತ ನಮ್ಮ ಯಜಮಾನರ ಸ್ನೇಹಿತರು ಹೇಳಿದರು. ಫಾರ್ಮಿನಲ್ಲಿ ಆ ಜಾಗವೇ ಇಲ್ಲವಲ್ಲ? (ನ್ಯೂಜೆರ್ಸಿ)

ಉತ್ತರ: ಆ ಸ್ನೇಹಿತರು ಬಂದು ಬಹಳ ವರ್ಷ ಆಗಿರಬೇಕು. 2020ರಿಂದ ಫಾರ್ಮ್ ಬದಲಾಗಿದೆ, ಟ್ಯಾಕ್ಸ್ ಕಡಿಮೆ ಹಿಡಿಯಲು ಬರೆಯುತ್ತಿದ್ದ ಅಲೋವನ್ಸ್ ಸಂಖ್ಯೆಯನ್ನು ತೆಗೆದುಹಾಕಿದ್ದಾರೆ. ನೀವು ಗಮನಿಸಬೇಕಾದ್ದು 2ನೇ ಹಂತ. ಇಬ್ಬರೂ ದುಡಿಯುವ ಮನೆಯಲ್ಲಿ ಇಬ್ಬರ ಕಂಪನಿಗಳೂ ‘ಈ ಮನೆಗೆ ನಮ್ಮ ಸಂಬಳವೊಂದೇ’ ಅಂದುಕೊಂಡು ಆ 31,500 ಡಿಡಕ್ಷನ್ನನ್ನು ಎರಡೂ ಕಡೆ ಕೊಟ್ಟುಬಿಡುತ್ತವೆ. ತಿಂಗಳ ಸಂಬಳ ದಂಡಿಯಾಗಿ ಕಾಣುತ್ತದೆ, ಏಪ್ರಿಲ್‌ನಲ್ಲಿ ಸಾವಿರಗಟ್ಟಲೆ ಬಾಕಿ. ಇಬ್ಬರ ಸಂಬಳ ಹೆಚ್ಚುಕಡಿಮೆ ಒಂದೇ ಇದ್ದರೆ 2(ಸಿ) ಬಾಕ್ಸಿಗೆ ಟಿಕ್ ಹಾಕಿ. ಯಜಮಾನರ ಡಬ್ಲ್ಯು-4ರಲ್ಲೂ ಹಾಕಿಸಬೇಕು, ಒಬ್ಬರು ಹಾಕಿದರೆ ಸಾಲದು.

ಪ್ರಶ್ನೆ: ಮಗ ಎಫ್-1 ಮೇಲೆ ಎಂಎಸ್ ಓದುತ್ತಿದ್ದಾನೆ, ಹೋಗಿ ಒಂದೂವರೆ ವರ್ಷ. ಆದಾಯ ಇಲ್ಲ, ಏನೂ ಕೊಡಬೇಕಿಲ್ಲ ಅಂತಾನೆ. ನಿಜವಾ? (ಮೈಸೂರು)

ಉತ್ತರ: ಅರ್ಧ ನಿಜ. ಆದಾಯ ಇಲ್ಲದಿದ್ದರೂ 8843 ಅನ್ನುವ ಫಾರ್ಮ್ ಕಳಿಸಬೇಕು, ಜೂನ್ 15ರೊಳಗೆ. ‘ನಾನು ವಿದ್ಯಾರ್ಥಿ, ಇಲ್ಲಿದ್ದ ದಿನಗಳನ್ನು ರೆಸಿಡೆಂಟ್ (ತೆರಿಗೆಗೆ ಇಲ್ಲಿನ ನಿವಾಸಿ) ಲೆಕ್ಕಕ್ಕೆ ಹಿಡಿಯಬೇಡಿ’ ಅಂತ ಹೇಳುವ ಕಾಗದ ಅದು. ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ಹೀಗೆ.

ಮುಂದೆ ಕ್ಯಾಂಪಸ್ ಕೆಲಸವೋ ಒಪಿಟಿಯೋ (ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸದ ಅನುಮತಿ) ಸಿಕ್ಕಿ ಸಂಬಳ ಬಂದರೆ ಅವನ ಫಾರ್ಮ್ 1040 ಅಲ್ಲ, ನಾನ್‌ರೆಸಿಡೆಂಟ್‌ಗಳ 1040-ಎನ್‌ಆರ್. ಹುಡುಗರು ರೂಮ್‌ಮೇಟ್ ಹೇಳಿದ ಸಾಫ್ಟ್‌ವೇರ್‌ನಲ್ಲಿ ಕೂತು ಹತ್ತು ನಿಮಿಷದಲ್ಲಿ 1040 ಒತ್ತಿಬಿಡುತ್ತಾರೆ, ಅಲ್ಲೇ ಎಡವಟ್ಟು. ನಾನ್‌ರೆಸಿಡೆಂಟ್‌ಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಆದರೆ ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಅದು ಸಿಗುತ್ತದೆ, ಒಬ್ಬರಿಗೆ 15,750 ಡಾಲರ್. ಪಕ್ಕದ ಬೆಂಚಿನ ಚೀನಾದ ಹುಡುಗನಿಗೆ ಈ ಅನುಕೂಲ ಇಲ್ಲ. ಹಾಗೇ ಡಬ್ಲ್ಯು-2ರ ಬಾಕ್ಸ್ 4 ಮತ್ತು 6 ಖಾಲಿ ಇವೆಯಾ ನೋಡಲು ಹೇಳಿ. ಈ ಅವಧಿಯಲ್ಲಿ ಆ ಎರಡು ಕಡಿತ ಅವನಿಗೆ ಇಲ್ಲ. ಹಿಡಿದಿದ್ದರೆ ಮೊದಲು ಕಂಪನಿಯನ್ನೇ ಕೇಳಬೇಕು. ಅವರು ಕೊಡದಿದ್ದರೆ ಐಆರ್‌ಎಸ್‌ಗೆ ಫಾರ್ಮ್ 843 ಹಾಕಿ ವಾಪಸ್ ಕೇಳಬೇಕು.

ಪ್ರಶ್ನೆ: ಏಪ್ರಿಲ್‌ನಲ್ಲಿ ಊರಿಗೆ ಹೊರಟಿದ್ದೇವೆ. ಗಡುವು ಮುಂದೂಡುವ ಫಾರ್ಮ್ 4868 ಹಾಕಿದರೆ ಅಕ್ಟೋಬರ್‌ವರೆಗೆ ನಿಶ್ಚಿಂತೆ ತಾನೆ? (ಅಟ್ಲಾಂಟಾ)

ಉತ್ತರ: ಲೆಕ್ಕ ಕೊಡಲು ಅಕ್ಟೋಬರ್ 15, ದುಡ್ಡು ಕಟ್ಟಲು ಏಪ್ರಿಲ್ 15. ಬಾಕಿ ಬರಬಹುದು ಅನ್ನಿಸಿದರೆ ಅಂದಾಜು ಮೊತ್ತ ಕಟ್ಟಿಯೇ ವಿಮಾನ ಹತ್ತಿ. ಕೈಯಲ್ಲಿ ದುಡ್ಡಿಲ್ಲದಿದ್ದರೂ ಫಾರ್ಮ್ ಹಾಕುವುದನ್ನು ಬಿಡಬೇಡಿ. ತಡವಾಗಿ ಕಟ್ಟಿದರೆ ಬಾಕಿಯ ಮೇಲೆ ತಿಂಗಳಿಗೆ ಅರ್ಧ ಪರ್ಸೆಂಟ್ ದಂಡ ಮತ್ತು ಬಡ್ಡಿ. ಲೆಕ್ಕವನ್ನೇ ಕೊಡದಿದ್ದರೆ ದಂಡವೇ ತಿಂಗಳಿಗೆ 5 ಪರ್ಸೆಂಟ್, ಶೇ 25ರವರೆಗೆ.

ಪ್ರಶ್ನೆ: ಹಾಸನದಲ್ಲಿ ಅಮ್ಮನ ಪೆನ್ಷನ್ ಖಾತೆಗೆ ನನ್ನ ಹೆಸರೂ ಜಂಟಿಯಾಗಿದೆ. ನನ್ನದೊಂದು ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಖಾತೆ) ಎಫ್‌ಡಿ ಇದೆ, ಅದರ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ. ಇಲ್ಲಿ ಹೇಳಬೇಕಾ? (ಸ್ಯಾನ್ ಹೋಸೆ, ಗ್ರೀನ್ ಕಾರ್ಡ್)

ಉತ್ತರ: ಹೇಳಲೇಬೇಕು. ಎನ್‌ಆರ್‌ಇ ಬಡ್ಡಿಗೆ ವಿನಾಯಿತಿ ಕೊಟ್ಟಿದ್ದು ಭಾರತ, ಅಮೆರಿಕ ಅಲ್ಲ. ಗ್ರೀನ್ ಕಾರ್ಡ್ ಇರುವವರು ಜಗತ್ತಿನ ಎಲ್ಲ ಆದಾಯಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ಬಡ್ಡಿ ಶೆಡ್ಯೂಲ್ ಬಿಯಲ್ಲಿ ಬರುತ್ತದೆ. ಅದರ ಮೂರನೇ ಭಾಗದಲ್ಲಿ ‘ವಿದೇಶದಲ್ಲಿ ಖಾತೆ ಇದೆಯಾ’ ಅಂತ ಪ್ರಶ್ನೆ ಇದೆ. ಸಾಫ್ಟ್‌ವೇರ್‌ನಲ್ಲಿ ‘ಇಲ್ಲ’ ಅಂತ ಒತ್ತಿ ಮುಂದೆ ಹೋಗುವವರೇ ಹೆಚ್ಚು. ನೀವು ‘ಹೌದು’ ಅನ್ನಬೇಕು. ಭಾರತದ ಆದಾಯ ಇಡುವ ಎನ್‌ಆರ್‌ಒ ಖಾತೆಯಲ್ಲಿ ಟಿಡಿಎಸ್ ಹಿಡಿದಿದ್ದರೆ ಅದನ್ನು ಫಾರ್ಮ್ 1116ರಲ್ಲಿ ತೋರಿಸಿ ಇಲ್ಲಿನ ತೆರಿಗೆಯಲ್ಲಿ ಕಳೆಯಬಹುದು.

ಇನ್ನು ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ. ಇದು 1040ರ ಜೊತೆ ಹೋಗಲ್ಲ, ಫಿನ್‌ಸೆನ್ ಅನ್ನುವ ಬೇರೆ ಕಚೇರಿಗೆ ಆನ್‌ಲೈನ್‌ನಲ್ಲಿ ಹೋಗುತ್ತದೆ, ಶುಲ್ಕ ಇಲ್ಲ. ವಿದೇಶದ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಸಾಕು, ಕೊಡಬೇಕು. ನಿಮ್ಮ ಎಫ್‌ಡಿ 5 ಲಕ್ಷ, ಉಳಿತಾಯ ಖಾತೆ 3 ಲಕ್ಷ, ಅಮ್ಮನ ಜಂಟಿ ಖಾತೆ 2 ಲಕ್ಷ ರೂಪಾಯಿ ಅನ್ನಿ. ಡಾಲರಿಗೆ 90 ರೂಪಾಯಿ ಹಿಡಿದರೆ 11,000 ದಾಟಿತು. ಜಂಟಿ ಖಾತೆಯಲ್ಲಿ ಅರ್ಧ ನನ್ನದು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ, ಪೂರ್ತಿ ಮೊತ್ತ ತೋರಿಸಬೇಕು. ಅಮ್ಮನ ದುಡ್ಡಿಗೆ ನಿಮಗೆ ಟ್ಯಾಕ್ಸ್ ಬೀಳುತ್ತದೆ ಅಂತ ಗಾಬರಿ ಬೇಡ, ಎಫ್‌ಬಾರ್ ಬರೀ ಮಾಹಿತಿ. ಮೊತ್ತ ಇನ್ನೂ ದೊಡ್ಡದಿದ್ದರೆ, ಜಂಟಿ ಫೈಲಿಂಗ್‌ನವರಿಗೆ ವರ್ಷದ ಕೊನೆಗೆ 1,00,000 ಡಾಲರ್ ಅಥವಾ ನಡುವೆ ಯಾವಾಗಲಾದರೂ 1,50,000 ದಾಟಿದ್ದರೆ, ವಿದೇಶದ ಹಣಕಾಸು ಆಸ್ತಿ ತೋರಿಸುವ ಫಾರ್ಮ್ 8938 ಕೂಡ. ಊರಿನಲ್ಲಿ ಮ್ಯೂಚುವಲ್ ಫಂಡ್ ಎಸ್‌ಐಪಿ ಇರುವವರಿಗೆ ಫಾರ್ಮ್ 8621 ಅನ್ನುವ ಇನ್ನೊಂದು ತಲೆನೋವಿದೆ. ಅದನ್ನು ಮಾತ್ರ ಗೊತ್ತಿರುವವರ ಕೈಲೇ ಮಾಡಿಸಿ.

‘ಹಾಸನದ ಬ್ಯಾಂಕಿನದು ಇವರಿಗೆ ಹೇಗೆ ಗೊತ್ತಾಗುತ್ತೆ’ ಅಂತ ಬಹಳ ಜನ ಕೇಳುತ್ತಾರೆ. ಬ್ಯಾಂಕಿನವರು ನಿಮ್ಮಿಂದ ಎಫ್‌ಎಟಿಸಿಎ (ವಿದೇಶಿ ಖಾತೆಗಳ ಮಾಹಿತಿ ಕೇಳುವ ಅಮೆರಿಕದ ಕಾನೂನು) ಡಿಕ್ಲರೇಷನ್ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರಲ್ಲ, ನೆನಪಿದೆಯಾ? ಭಾರತ 2015ರಲ್ಲೇ ಅಮೆರಿಕದ ಜೊತೆ ಆ ಒಪ್ಪಂದ ಮಾಡಿಕೊಂಡಿದೆ. ಆ ಖಾತೆಗಳ ವಿವರದ ಪ್ರತಿಯೂ ಐಆರ್‌ಎಸ್‌ಗೆ ಹೋಗುತ್ತದೆ.

ಒಂದು ತೊಡಕೆಂದರೆ ಅಲ್ಲಿನ ಬ್ಯಾಂಕ್ ಬಡ್ಡಿ ಸರ್ಟಿಫಿಕೇಟ್ ಕೊಡುವುದು ಏಪ್ರಿಲ್‌ನಿಂದ ಮಾರ್ಚ್‌ಗೆ, ಇಲ್ಲಿ ಬೇಕಿರುವುದು ಜನವರಿಯಿಂದ ಡಿಸೆಂಬರ್‌ಗೆ. ನೆಟ್ ಬ್ಯಾಂಕಿಂಗ್‌ನಲ್ಲಿ ಜನವರಿ 1ರಿಂದ ಡಿಸೆಂಬರ್ 31ರ ಸ್ಟೇಟ್‌ಮೆಂಟ್ ತೆಗೆದು, ಬಡ್ಡಿ ಬಿದ್ದ ಸಾಲುಗಳನ್ನು ಕೂಡಿ. ಅಮ್ಮನ ಖಾತೆಗೆ ನೆಟ್ ಬ್ಯಾಂಕಿಂಗ್ ಇಲ್ಲದಿದ್ದರೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಲು ಹೇಳಿ, ಅಷ್ಟು ಸಾಕು.