‘ರನ್’ ಪದದ ಎಂಟು ಅರ್ಥ ಬಾಯಿಪಾಠ, ಆದರೂ ಪ್ಯಾಸೇಜ್‌ನಲ್ಲಿ ತಪ್ಪು

ಮಗಳಿಗೆ ಇಂಗ್ಲಿಷ್ ಪದಗಳ ಅರ್ಥವೆಲ್ಲ ಬಾಯಿಗೆ ಬಂದರೂ ವಾಕ್ಯದಲ್ಲಿ ತಪ್ಪುತ್ತದೆ ಎಂದಿದ್ದೀರಿ. ಬಹುಶಃ ಪದವನ್ನು ಒಂಟಿಯಾಗಿ ಕಲಿತದ್ದೇ ಕಾರಣ. ಅರ್ಥ ತೀರ್ಮಾನಿಸುವುದು ಪಕ್ಕದ ಪದ.

ಮೊದಲು ಇದನ್ನು ಕನ್ನಡದಲ್ಲೇ ತೋರಿಸಿ. ಶಂಕರಪುರ ಮಲ್ಲಿಗೆ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಕರೆಂಟ್ ಬಿಲ್ ಕಟ್ಟುತ್ತೇವೆ, ಮಳೆಗಾಲದಲ್ಲಿ ಮೂಗು ಕಟ್ಟುತ್ತದೆ. ಈ ಪಟ್ಟಿಯನ್ನು ಅವಳು ಯಾವತ್ತೂ ಉರು ಹೊಡೆದಿಲ್ಲ, ಆದರೂ ತಪ್ಪುವುದಿಲ್ಲ.

ಆಮೇಲೆ ನೋಟ್‌ಬುಕ್‌ನಲ್ಲಿ ಜೋಡಿಯಾಗಿ ಬರೆಸಿ: ‘ರನ್ ಎ ಹೋಟೆಲ್’ ಅಂದರೆ ನಡೆಸು, ‘ದ ಬಸ್ ರನ್ಸ್ ಟು ಉಡುಪಿ’ ಅಂದರೆ ಓಡುತ್ತದೆ, ‘ರನ್ ಔಟ್ ಆಫ್ ಗ್ಯಾಸ್’ ಅಂದರೆ ಗ್ಯಾಸ್ ಮುಗಿ. ಒಂದು ಪದಕ್ಕೆ 3 ಜೋಡಿ, ದಿನಕ್ಕೆ 2 ಪದ, ಅಷ್ಟೇ. ಎಂಟೂ ಅರ್ಥ ಒಟ್ಟಿಗೆ ತುಂಬಿಸಿದರೆ ಒಂದರೊಳಗೊಂದು ಕಲಸಿಹೋಗುತ್ತವೆ. ಮರುದಿನ, ಮೂರನೇ ದಿನ, ವಾರದ ಮೇಲೆ ಕನ್ನಡದ ಭಾಗ ಮುಚ್ಚಿ ಕೇಳಿ.

ಪ್ಯಾಸೇಜ್‌ನಲ್ಲಿ ತಡೆದರೆ ಮೊದಲು ನಾಮಪದವೋ ಕ್ರಿಯಾಪದವೋ ನೋಡಲಿ. ‘ಬುಕ್ ಎ ಟಿಕೆಟ್’ನಲ್ಲಿ ‘ಬುಕ್’ ಕ್ರಿಯಾಪದ, ಅಂದಾಗಲೇ ಪುಸ್ತಕ ಎಂಬ ಅರ್ಥ ಹೊರಗೆ ಹೋಯಿತು. ಮುಂದೆ ಔಟ್, ಅಪ್, ಇನ್‌ಟು ಅಂಟಿಕೊಂಡಿದೆಯೇ ನೋಡಲಿ, ಯಾಕೆಂದರೆ ‘ರನ್ ಇನ್‌ಟು ಎ ಫ್ರೆಂಡ್’ನಲ್ಲಿ ಓಟವೇ ಇಲ್ಲ, ಗೆಳತಿ ಅಚಾನಕ್ಕಾಗಿ ಎದುರು ಸಿಕ್ಕಿದ್ದಾಳೆ. ಡಿಕ್ಷನರಿ ಕೊನೆಗೆ. ಅಲ್ಲೂ ಅರ್ಥಕ್ಕಿಂತ ಮುಂಚೆ ಉದಾಹರಣೆ ವಾಕ್ಯ ಓದಿಸಿ.