ಮೈದಾನದ ಮಾತು: ಮಗಳು 12.8ರಲ್ಲಿ ಓಡಿದಳು, ಮುಂದೆ?

ತಾಲೂಕು, ಜಿಲ್ಲಾ ಕೂಟಗಳು ಶುರುವಾದವು ಅಂದರೆ ನಮಗೆ ಬರುವ ಪತ್ರಗಳೆಲ್ಲ ಮಕ್ಕಳ ಬಗ್ಗೆಯೇ ಇರುತ್ತವೆ. ಈ ಸಲ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಆರನ್ನು ಆರಿಸಿದ್ದೇನೆ. ಬರೆದವರ ಹೆಸರು ಹಾಕಿಲ್ಲ. ಹೆಚ್ಚಿನವರು ಚಿಕ್ಕ ಮಕ್ಕಳು ಅಥವಾ ಅವರ ಅಪ್ಪ-ಅವ್ವ, ಅದಕ್ಕೆ.

ಪ್ರಶ್ನೆ: ಮಗಳು 9ನೇ ಕ್ಲಾಸು. ತಾಲೂಕು ಕೂಟದಲ್ಲಿ 100 ಮೀಟರ್ 12.8 ಸೆಕೆಂಡಿಗೆ ಓಡಿದಳು. ಪಿ.ಟಿ. ಮಾಸ್ತರು ಇಂಟರ್‌ನ್ಯಾಷನಲ್ ಲೆವೆಲ್ ಅಂತಾರೆ. ನಿಜವಾ? ಯಾರನ್ನು ಕಾಣಬೇಕು? (ಒಬ್ಬ ತಂದೆ, ಮುಂಡರಗಿ)

ಅಣ್ಣಾರೆ, ಮೊದಲು ಸಂತೋಷದ ಮಾತು. 9ನೇ ಕ್ಲಾಸಿನ ಹುಡುಗಿ ಯರಿ ಮಣ್ಣಿನ ಮೈದಾನದಲ್ಲಿ, ಬಹುಶಃ ಬರಿಗಾಲಲ್ಲಿ, 12.8 ಓಡಿದಳು ಅಂದರೆ ಆಕೆ ಕಾಲಲ್ಲಿ ಏನೋ ಇದೆ. ಅದನ್ನು ಬಿಡಬೇಡಿ.

ಈಗ ಆ 12.8ರ ವಿಚಾರ. ಅದು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದದ್ದು ಅಲ್ವಾ? ಪಿಸ್ತೂಲಿನ ಹೊಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಸ್ವಲ್ಪ ಹೊತ್ತು ಹೋಗಿರುತ್ತದೆ, ಕೊನೆಯಲ್ಲಿ ಮಾತ್ರ ಓಟಗಾರ್ತಿ ಬರುವುದು ಕಣ್ಣಿಗೆ ಕಾಣುತ್ತಲೇ ಇರುವುದರಿಂದ ಬೆರಳು ಸರಿಯಾದ ಹೊತ್ತಿಗೇ ಬೀಳುತ್ತದೆ. ಹಾಗಾಗಿ ಕೈ ಸಮಯ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. 100 ಮೀಟರ್‌ಗೆ 0.24 ಸೆಕೆಂಡ್ ಕೂಡಿಸಿಕೊಳ್ಳುವುದು ರೂಢಿ. ಅಂದರೆ ಮಗಳದು 13.04 ಆಯಿತು. ಹಿಂದಿನಿಂದ ಗಾಳಿ ಸೆಕೆಂಡಿಗೆ 2 ಮೀಟರ್‌ಗಿಂತ ಜಾಸ್ತಿ ಬೀಸಿದರೆ ದೊಡ್ಡ ಕೂಟಗಳಲ್ಲಿ ಅದನ್ನು ದಾಖಲೆ ಅಂತ ಒಪ್ಪುವುದಿಲ್ಲ. ನಮ್ಮ ಕಡೆ ಆಷಾಢದ ಗಾಳಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇನ್ನು ಶಾಲೆಯ ಮೈದಾನದಲ್ಲಿ ಸುಣ್ಣ ಹಾಕಿದ 100 ಮೀಟರ್ ನಿಜಕ್ಕೂ 100 ಇತ್ತಾ, ಅದನ್ನೂ ಒಮ್ಮೆ ಟೇಪ್ ಹಿಡಿದು ನೋಡಿ.

ಹೋಲಿಕೆಗೆ ಒಂದು ಅಂಕಿ ಕೊಡುತ್ತೇನೆ. 2022ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ (ವಿಶ್ವ ಜೂನಿಯರ್ ಕೂಟ ಅಂದರೆ ಇದೇ) ಜಮೈಕಾದ ಟೀನಾ ಕ್ಲೇಟನ್ 100 ಮೀಟರ್ ಗೆದ್ದದ್ದು 10.95 ಸೆಕೆಂಡಿಗೆ. ಆಗ ಆಕೆಗೆ 17 ವರ್ಷ. ಇದನ್ನು ಹೇಳಿದ್ದು ಮಗಳ ಉತ್ಸಾಹ ಕುಂದಿಸಲಿಕ್ಕಲ್ಲ. ದಾರಿ ಎಷ್ಟು ಉದ್ದ ಅಂತ ಗೊತ್ತಿದ್ದವರು ಮೊದಲ ಮೈಲಿಯಲ್ಲೇ ಏದುಸಿರು ಬಿಡುವುದಿಲ್ಲ.

ಯಾರನ್ನು ಕಾಣಬೇಕು ಅಂದಿರಿ. ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಇದು. ಶಾಲಾ ಕೂಟದ ದಾರಿ ಬೇರೆ, ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್‌ನ ದಾರಿ ಬೇರೆ. ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಶಾಲಾ ಕೂಟದಲ್ಲಿ ಎಷ್ಟು ಮೇಲೆ ಹೋದರೂ ವಿಶ್ವ ಜೂನಿಯರ್ ಕೂಟದ ತಂಡವನ್ನು ಆರಿಸುವುದು ಫೆಡರೇಷನ್. ಅದಕ್ಕೆ ನಿಮ್ಮ ಜಿಲ್ಲಾ ಅಥ್ಲೆಟಿಕ್ ಸಂಸ್ಥೆಯಲ್ಲಿ ಮಗಳ ಹೆಸರು ನೋಂದಾಯಿಸಿ. 14 ಮತ್ತು 16 ವರ್ಷದೊಳಗಿನವರಿಗೆ ದೇಶದ ಜಿಲ್ಲೆಗಳ ನಡುವೆಯೇ ಫೆಡರೇಷನ್ ಒಂದು ಜೂನಿಯರ್ ಕೂಟ ನಡೆಸುತ್ತದೆ, ನಿಮ್ಮ ಮಗಳ ವಯಸ್ಸಿಗೆ ಅದೇ ಸರಿಯಾದ ಮೊದಲ ಗುರಿ. ಗದಗಿನ ಕೆ.ಎಚ್. ಪಾಟೀಲ ಕ್ರೀಡಾಂಗಣಕ್ಕೆ ಒಂದು ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋಗಿ. ಅಲ್ಲಿ ಓಡಲು ಬರುವ ಮಕ್ಕಳನ್ನೂ ತರಬೇತುದಾರರನ್ನೂ ಮಾತಾಡಿಸಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಪ್ರಶ್ನೆ: ಮಗನ ಜನ್ಮ ದಿನಾಂಕ ಒಂದು ವರ್ಷ ಕಡಿಮೆ ಮಾಡಿಸಿದರೆ ಮೆಡಲ್ ಗ್ಯಾರಂಟಿ ಅಂತ ಒಬ್ಬರು ಹೇಳುತ್ತಿದ್ದಾರೆ. "ಎಲ್ಲರೂ ಮಾಡ್ತಾರ್ರೀ" ಅಂತಾರೆ. ಏನು ಮಾಡಲಿ? (ಒಬ್ಬ ತಾಯಿ, ಹುಬ್ಬಳ್ಳಿ)

ಅಕ್ಕಾರೆ, ಮಾಡಿಸಬೇಡಿ. ಹಾಗೆ ಹೇಳಿದವರ ಬಳಿ ಮಗನನ್ನು ಬಿಡಲೂಬೇಡಿ.

ವಯಸ್ಸಿನ ಬಗ್ಗೆ ಅನುಮಾನ ಬಂದರೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ಬೆಳವಣಿಗೆ ನೋಡುತ್ತಾರೆ. ಕಾಗದ ಏನೇ ಹೇಳಲಿ, ಎಲುಬು ತನ್ನ ಲೆಕ್ಕ ತಾನೇ ಇಟ್ಟಿರುತ್ತದೆ. ಆದರೆ ಸಿಕ್ಕಿಬೀಳುವ ಭಯಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಾನು 400 ಮೀಟರ್ ಓಡುತ್ತಿದ್ದ ಕಾಲದಲ್ಲಿ ನಮ್ಮ ಗುಂಪಿನಲ್ಲಿ ಒಬ್ಬ ಹುಡುಗನಿಗೆ ಹೀಗೆ ಎರಡು ವರ್ಷ ಕಡಿಮೆ ಮಾಡಿಸಿದ್ದರು. ತನಗಿಂತ ಚಿಕ್ಕವರ ಜೊತೆ ಓಡಿ ಎಲ್ಲ ಕಪ್ ಗೆದ್ದ. ಸೋಲುವುದು ಹೇಗೆ, ಸೋತ ಮೇಲೆ ಮತ್ತೆ ತಯಾರಿ ಮಾಡುವುದು ಹೇಗೆ ಅಂತ ಕಲಿಯಲೇ ಇಲ್ಲ. ಸೀನಿಯರ್‌ಗೆ ಬಂದ ಮೊದಲ ವರ್ಷ ಹೀಟ್ಸ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ, ಹೊರಬಿದ್ದ, ಮರುವರ್ಷ ಮೈದಾನಕ್ಕೇ ಬರಲಿಲ್ಲ. ಬಹಳ ಒಳ್ಳೆಯ ಓಟಗಾರ ಅವನು. ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಲೆಕ್ಕ ಸರಿಯಾಗಿ ತಿಳಿದಿರಲಿ. ವಿಶ್ವ ಜೂನಿಯರ್ ಕೂಟಕ್ಕೆ ಆ ವರ್ಷದ ಡಿಸೆಂಬರ್ 31ಕ್ಕೆ 16ರಿಂದ 19 ವರ್ಷ ಆಗಿರಬೇಕು. 2026ರ ಕೂಟ ಅಂದರೆ 2007ರಿಂದ 2010ರ ಒಳಗೆ ಹುಟ್ಟಿದವರು. ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಅದೇ ವರ್ಷದ ಜನವರಿಯಲ್ಲಿ ಹುಟ್ಟಿದ ಮಗುವಿನ ಜೊತೆ ಓಡಬೇಕಾಗುತ್ತದೆ, ಈ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಸಣ್ಣದಲ್ಲ. ನಿಮ್ಮ ಮಗ ಈಗ ಸೋಲುತ್ತಿದ್ದರೆ ಅದೂ ಒಂದು ಕಾರಣ ಇರಬಹುದು. ಕಾಯಿರಿ.

ಪ್ರಶ್ನೆ: ಸರ್, ನಾನು ಗುಂಡು ಎಸೆತ. 5 ಕೆ.ಜಿ. ಗುಂಡಿನಲ್ಲಿ ಜಿಲ್ಲೆಗೆ ಫಸ್ಟ್. ಈಗಲೇ ದೊಡ್ಡವರ ಗುಂಡು ಎಸೆದು ರೂಢಿ ಮಾಡಿಕೊಂಡರೆ ಬೇಗ ಮುಂದೆ ಬರಬಹುದಾ? (16 ವರ್ಷದ ಹುಡುಗ, ಬ್ಯಾಡಗಿ)

ತಮ್ಮಾ, ಅವಸರ ಬೇಡ. 18ರೊಳಗಿನ ಹುಡುಗರಿಗೆ 5 ಕೆ.ಜಿ., 20ರೊಳಗಿನವರಿಗೆ 6, ದೊಡ್ಡವರಿಗೆ 7.26 ಕೆ.ಜಿ. ಅಂತ ಮೆಟ್ಟಿಲು ಮಾಡಿರುವುದು ಸುಮ್ನೆ ಅಲ್ಲ. ಭಾರ ಜಾಸ್ತಿ ಆದಾಗ ಕೈಯ ವೇಗ ಕಡಿಮೆಯಾಗುತ್ತದೆ, ಮೊಣಕೈ ಕೆಳಗಿಳಿಯುತ್ತದೆ, ಸೊಂಟ ತಿರುಗುವ ಮೊದಲೇ ಭುಜದಿಂದ ನೂಕಲು ಶುರು ಮಾಡುತ್ತೀಯ. ಆ ತಪ್ಪು ಮೈಗೆ ಹತ್ತಿದರೆ ಬಿಡಿಸುವುದು ಕಷ್ಟ. ಈ ವರ್ಷ ವೃತ್ತದೊಳಗಿನ ಕಾಲಿನ ಕೆಲಸ ಕಲಿ. ಮೊಣಕಾಲ ಚಿಪ್ಪಿನ ಕೆಳಗೆ ಗಂಟು ಎದ್ದು ನೋವು ಬಂದರೆ, ಎತ್ತರ ಬೆಳೆಯುವ ಹುಡುಗರಿಗೆ ಅದು ಬರುತ್ತದೆ, ಮುಚ್ಚಿಡದೆ ಹೇಳು.

ಪ್ರಶ್ನೆ: ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಓಟದ ಬೂಟು) ಯಾವಾಗ ಕೊಡಿಸಬೇಕು? (ಅಣ್ಣಿಗೇರಿ)

ಜಿಲ್ಲಾ ಮಟ್ಟಕ್ಕೆ ಬಂದಾಗ ಸಾಕು. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಟಕ್ಕೆ ಮೊಳೆ 9 ಮಿಲಿಮೀಟರ್‌ಗಿಂತ ಉದ್ದ ಇರಬಾರದು. ಡಾಂಬರು ರಸ್ತೆಯ ಮೇಲೆ ಸ್ಪೈಕ್ಸ್ ಹಾಕಿ ಓಡಿಸಬೇಡಿ. ಸ್ಪೈಕ್ಸ್ ಇರಲಿ, ಡಾಂಬರಿನ ಮೇಲೆ ದಿನಾ ಬೆಳಿಗ್ಗೆ ಜೋರಾಗಿ ಓಡಿಸುವುದೇ ಬೇಡ. ಮುಂಗಾಲಿನ ಎಲುಬು ನೋವು ಅಲ್ಲಿಂದಲೇ ಶುರು. ಹೊಲದ ಬದುವಿನ ಪಕ್ಕದ ಮಣ್ಣಿನ ದಾರಿ ಎಷ್ಟೋ ಮೇಲು.

ಪ್ರಶ್ನೆ: ಜೂನಿಯರ್‌ನಲ್ಲಿ ವಿಶ್ವ ಪದಕ ಗೆದ್ದವರು ಆಮೇಲೆ ಎಲ್ಲಿ ಹೋಗುತ್ತಾರೆ? ಪೇಪರಿನಲ್ಲಿ ಒಂದು ದಿನ ಫೋಟೊ, ಆಮೇಲೆ ಸುದ್ದಿಯೇ ಇಲ್ಲ. (ಕಾಲೇಜು ವಿದ್ಯಾರ್ಥಿ, ಶಿಗ್ಗಾಂವಿ)

ಒಳ್ಳೆಯ ಪ್ರಶ್ನೆ. ನನ್ನನ್ನೂ ಬಹಳ ಕಾಡಿದ್ದು.

ನೀರಜ್ ಚೋಪ್ರಾ ಅಂದರೆ ಎಲ್ಲರಿಗೂ ಟೋಕಿಯೊ ನೆನಪು. ಆದರೆ 2016ರ ಜುಲೈನಲ್ಲಿ ಪೋಲೆಂಡಿನ ಬಿಡ್ಗೋಶ್‌ನಲ್ಲಿ, ವಿಶ್ವ ಜೂನಿಯರ್ ಕೂಟದಲ್ಲಿ, 18ರ ಹುಡುಗ, ಜಾವೆಲಿನ್ 86.48 ಮೀಟರ್ ಎಸೆದು ಜೂನಿಯರ್ ವಿಶ್ವ ದಾಖಲೆ ಮಾಡಿದ. ರಿಯೊ ಒಲಿಂಪಿಕ್ಸ್‌ಗೆ ಬೇಕಿದ್ದದ್ದು 83 ಮೀಟರ್. ಆದರೆ ಅರ್ಹತೆಯ ಗಡುವು ಕೆಲವೇ ದಿನ ಮೊದಲು ಮುಗಿದಿತ್ತು, ಹೋಗಲು ಆಗಲಿಲ್ಲ. 2019ರಲ್ಲಿ ಮೊಣಕೈ ಆಪರೇಷನ್ ಆಯಿತು. 2021ರಲ್ಲಿ ಟೋಕಿಯೊದಲ್ಲಿ ಚಿನ್ನ ಬಂದದ್ದು 87.58ಕ್ಕೆ. ಎರಡನ್ನೂ ಕಳೆದು ನೋಡಿ: 1 ಮೀಟರ್ 10 ಸೆಂಟಿಮೀಟರ್. ಈ ಎರಡು ಎಸೆತಗಳ ನಡುವೆ ಐದು ವರ್ಷ! ನಡುವಿನ ಆ ವರ್ಷಗಳಲ್ಲಿ ಅವನನ್ನು "ಎಲ್ಲಿ ಹೋದ" ಅಂತ ಕೇಳಿದವರೂ ಇರಬಹುದು. ಅವನು ಎಲ್ಲೂ ಹೋಗಿರಲಿಲ್ಲ, ಕೆಲಸ ಮಾಡುತ್ತಿದ್ದ.

ಹಿಮಾ ದಾಸ್ ಕತೆ ಬೇರೆ ತರಹ. ಅಸ್ಸಾಮಿನ ಧಿಂಗ್ ಕಡೆಯ ರೈತನ ಮಗಳು, 2018ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ 400 ಮೀಟರ್ 51.46ಕ್ಕೆ ಓಡಿ ಚಿನ್ನ ತಂದಳು. ವಿಶ್ವ ಮಟ್ಟದ ಕೂಟದಲ್ಲಿ ಟ್ರ್ಯಾಕ್ ಓಟದಲ್ಲಿ ನಮ್ಮ ದೇಶಕ್ಕೆ ಅದೇ ಮೊದಲ ಚಿನ್ನ. ಮರುತಿಂಗಳೇ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ 50.79, ಬೆಳ್ಳಿ, ರಾಷ್ಟ್ರೀಯ ದಾಖಲೆ. ಆಮೇಲೆ ಬೆನ್ನು ನೋವು ಅವಳನ್ನು ಹಿಡಿಯಿತು. ಇದರಲ್ಲಿ ಹುಡುಗಿಯ ತಪ್ಪೇನು ಹೇಳಿ? ಆ ಒಂದು ಬೇಸಿಗೆಯಲ್ಲಿ ದೇಶವೇ ಆಕೆಯ ಹೆಗಲ ಮೇಲೆ ಕೂತುಬಿಟ್ಟಿತ್ತು.

ಶೈಲಿ ಸಿಂಗ್ ನೋಡಿ. ಝಾನ್ಸಿಯವಳು, ಬಟ್ಟೆ ಹೊಲಿದು ಒಬ್ಬಳೇ ಸಾಕಿದ ತಾಯಿಯ ಮಗಳು, ತರಬೇತಿ ನಮ್ಮ ಬೆಂಗಳೂರಿನಲ್ಲಿ. 2021ರಲ್ಲಿ ನೈರೋಬಿಯಲ್ಲಿ ಉದ್ದ ಜಿಗಿತದಲ್ಲಿ 6.59 ಮೀಟರ್. ಚಿನ್ನ ಗೆದ್ದವಳದು 6.60. ಒಂದೇ ಸೆಂಟಿಮೀಟರ್! 2023ರಲ್ಲಿ ಬೆಂಗಳೂರಿನಲ್ಲಿ 6.76 ಹಾರಿದಳು. ಅದೇ ನೈರೋಬಿ ಕೂಟದಲ್ಲಿ ಮಿಶ್ರ ರಿಲೇಯಲ್ಲಿ ಕಂಚು ಗೆದ್ದ ತಂಡದಲ್ಲಿ ಕರ್ನಾಟಕದ ಪ್ರಿಯಾ ಮೋಹನ್ ಇದ್ದಳು. ನಮ್ಮೂರ ಎಷ್ಟು ಮಂದಿಗೆ ಆ ಹೆಸರು ಗೊತ್ತು? ಹಾಗಾಗಿ ತಮ್ಮಾ, ಇವರೆಲ್ಲ ಕಾಣೆಯಾದರು ಅನ್ನುವುದಕ್ಕಿಂತ ನಾವು ನೋಡುವುದನ್ನು ಬಿಟ್ಟೆವು ಅನ್ನುವುದೇ ಹೆಚ್ಚು ಸರಿ. ಮತ್ತೆ, 18ಕ್ಕೆ ಗೆದ್ದು 21ಕ್ಕೆ ಓಟ ಬಿಟ್ಟು ಕೆಲಸಕ್ಕೆ ಸೇರಿದವರೂ ಸೋತವರಲ್ಲ. ಎಲ್ಲರಿಗೂ ಒಲಿಂಪಿಕ್ಸ್ ಆಗಬೇಕು ಅಂತ ಎಲ್ಲಿದೆ?

ಗಂಟಲು ನೋವಿಗೆ, ಮೊಣಕಾಲು ನೋವಿಗೆ ಸಿಕ್ಕ ಸಿಕ್ಕ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡು ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು ಹೋಗುವವರು ಮಾತ್ರ ನಿಜಕ್ಕೂ ಕಾಣೆಯಾಗುತ್ತಾರೆ. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಕೂಟದ ದಿನ ಮಿತಿ ಮೀರಿದರೆ ತಪ್ಪು. ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಕೂಟದ ಹೊತ್ತಿಗೆ ನಿಷಿದ್ಧ, ಮೊಣಕಾಲಿಗೆ ಹಾಕಿದರೂ ಅಷ್ಟೇ. ವಯಸ್ಸು 16 ಅಂತ, ಗೊತ್ತಿರಲಿಲ್ಲ ಅಂತ ಹೇಳಿ ಪಾರಾಗಲು ಬರುವುದಿಲ್ಲ. ಡಬ್ಬಿಯಲ್ಲಿ ಬರುವ ಶಕ್ತಿ ಪುಡಿಗಳ ಬಗ್ಗೆಯೂ ನನ್ನ ಮಾತು ಇಷ್ಟೇ: ಒಳಗೆ ಏನಿದೆ ಅಂತ ಖಾತ್ರಿ ಇಲ್ಲದ್ದನ್ನು ಮಗುವಿನ ಬಾಯಿಗೆ ಹಾಕಬೇಡಿ. ಡಾಕ್ಟರ ಬಳಿ ಹೋದಾಗ "ನಾನು ಅಥ್ಲೀಟ್" ಅಂತ ಮೊದಲೇ ಹೇಳಿ, ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಸರ್, ನಾನು 1500 ಮೀಟರ್ ಓಡುತ್ತೇನೆ. ತೂಕ ಇಳಿಸು ಅಂದರು, ರಾತ್ರಿ ಊಟ ಬಿಟ್ಟೆ. ಮೊದಲು ಟೈಮಿಂಗ್ ಇಳಿಯಿತು, ಈಗ ಮತ್ತೆ ಏರುತ್ತಿದೆ. ಐದು ತಿಂಗಳಿಂದ ಮುಟ್ಟಾಗಿಲ್ಲ. ಓಡುವವರಿಗೆ ಇದೆಲ್ಲ ಸಹಜ ಅಂತಾರೆ. ಅವ್ವಗೆ ಹೇಳಿಲ್ಲ. (16 ವರ್ಷದ ಹುಡುಗಿ, ರಾಣೆಬೆನ್ನೂರು)

ತಂಗಿ, ನೀನು ಬರೆದದ್ದು ಬಹಳ ಒಳ್ಳೆಯದಾಯಿತು. ಇದು ಸಹಜ ಅಲ್ಲ. ಸಹಜ ಅಂತ ಹೇಳಿದವರಿಗೆ ಗೊತ್ತಿಲ್ಲ, ಅಷ್ಟೇ.

ಓಡಲು ಬೇಕಾದಷ್ಟು ಊಟ ಸಿಗದೆ ಹೋದರೆ ಮೈ ತನ್ನ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಮೊದಲು ನಿಲ್ಲಿಸುವುದು ಮುಟ್ಟನ್ನು. ಆಮೇಲೆ ಎಲುಬು ತೆಳುವಾಗುತ್ತದೆ. ನಿನ್ನ ವಯಸ್ಸಿನಲ್ಲಿ ಎಲುಬು ಗಟ್ಟಿಯಾಗಬೇಕಾದ ಕಾಲ, ಇಡೀ ಜನ್ಮಕ್ಕಾಗುವಷ್ಟು ಈಗಲೇ ಕಟ್ಟಿಕೊಳ್ಳಬೇಕು. ಊಟ ಬಿಟ್ಟ ಹೊಸದರಲ್ಲಿ ತೂಕ ಇಳಿದು ವೇಗ ಬಂದ ಹಾಗೆ ಅನಿಸುತ್ತದೆ. ಕೆಲವು ತಿಂಗಳಲ್ಲಿ ಕಾಲು ಸೋಲುತ್ತದೆ, ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ನಿನ್ನ ಟೈಮಿಂಗ್ ಮತ್ತೆ ಏರುತ್ತಿದೆ ಅಂದೆಯಲ್ಲ, ಮೈ ಆಗಲೇ ಹೇಳುತ್ತಿದೆ.

ಮೂರು ತಿಂಗಳು ಮುಟ್ಟು ನಿಂತರೇ ಡಾಕ್ಟರನ್ನು ಕಾಣಬೇಕು, ನಿನಗೆ ಐದಾಗಿದೆ. ಬೇರೆ ಕಾರಣಗಳೂ ಇರಬಹುದು, ಅದನ್ನು ನೋಡಿ ಹೇಳಬೇಕಾದವರು ಅವರೇ, ನಾನಲ್ಲ. ಈ ವಾರವೇ ಹೆಂಗಸರ ಡಾಕ್ಟರ ಬಳಿ ಹೋಗು. ರಕ್ತದಲ್ಲಿ ಕಬ್ಬಿಣದ ಅಂಶ ಎಷ್ಟಿದೆ ಅಂತಲೂ ನೋಡಲು ಕೇಳು. ಅಲ್ಲಿಯವರೆಗೆ ಜೋರಿನ ಓಟ ನಿಲ್ಲಿಸು.

ಊಟ ಇವತ್ತು ರಾತ್ರಿಯಿಂದಲೇ ಶುರು ಮಾಡು. ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಅನ್ನ. ಮನೆಯಲ್ಲಿ ತಿನ್ನುತ್ತಾರೆ ಅಂದರೆ ಮೊಟ್ಟೆ. ಓಡಿ ಬಂದ ಅರ್ಧ ಗಂಟೆಯೊಳಗೆ ಏನಾದರೂ ತಿನ್ನು, ಬಾಳೆಹಣ್ಣು, ಬೆಲ್ಲ-ಶೇಂಗಾ, ಹಾಲು, ಯಾವುದಾದರೂ ಆದೀತು.

ಅವ್ವಗೆ ಹೇಳಲು ನಾಚಿಕೆ ಅನಿಸಿದರೆ ಈ ಪುಟವನ್ನೇ ಅವರ ಕೈಗೆ ಕೊಡು. ಅವರು ಬಯ್ಯಬಹುದು, ಬಯ್ದುಕೊಂಡೇ ನಿನ್ನ ಜೊತೆ ದವಾಖಾನೆಗೆ ಬರುತ್ತಾರೆ. ತೂಕ ಇಳಿಸು ಅಂದವರಿಗೆ ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸು. ಅದಕ್ಕೂ ಒಪ್ಪದಿದ್ದರೆ ಅವರ ಬಳಿ ತರಬೇತಿ ಬೇಡ. ಡಾಕ್ಟರು ಏನಂದರು ಅಂತ ನನಗೆ ಬರೆ, ಕಾಯುತ್ತಿರುತ್ತೇನೆ.